ಭರಣಿಯ ಉಲ್ಕೆ, ಆಶ್ಲೇಷದ ಮೋಡ

ಆಗಸ್ಟ್ ಎರಡನೆಯ ವಾರ ಬಂತೆಂದರೆ ಪತ್ರಿಕೆಗಳಲ್ಲೂ ಮೊಬೈಲ್‌ಗಳಲ್ಲೂ ಅದೇ ಸುದ್ದಿ: ಈ ರಾತ್ರಿ ಪರ್ಸೀಡ್ ಉಲ್ಕಾವರ್ಷ, ನೋಡಲು ಮರೆಯದಿರಿ. ಆ ಹೊತ್ತಿಗೆ ಕಾರವಾರ, ಅಂಕೋಲಾಗಳಲ್ಲಿ ಆಶ್ಲೇಷ ಮಳೆ ಹಿಡಿದು ಕೂತಿರುತ್ತದೆ. ಕಾಳಿ ನದಿ ಕೆಂಪಾಗಿ ತುಂಬಿ ಹರಿಯುತ್ತಿರುತ್ತದೆ, ಕಡಲಿನ ಮೊರೆತ ಊರೊಳಗೂ ಕೇಳುತ್ತಿರುತ್ತದೆ, ನಕ್ಷತ್ರ ಕಂಡು ವಾರಗಳೇ ಕಳೆದಿರುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದುಹೋಗುವ ಕರಾವಳಿ ಇದು. ಪರ್ಸೀಡ್ ಇಲ್ಲಿ ಮೋಡದ ಮೇಲುಗಡೆ ನಡೆದು ಮುಗಿಯುವ ಜಾತ್ರೆ.

ಪರ್ಸೀಡ್‌ಗೆ ಅಷ್ಟು ಹೆಸರು ಬಂದದ್ದು ಯುರೋಪು, ಉತ್ತರ ಅಮೆರಿಕಗಳಿಂದ. ಅಲ್ಲಿ ಆಗಸ್ಟ್ ಎಂದರೆ ಬೆಚ್ಚನೆಯ ಬೇಸಿಗೆ, ಶಾಲೆಗೆ ರಜೆ, ತಿಳಿಯಾದ ರಾತ್ರಿ. ಆ ದೇಶಗಳವರು ತಮ್ಮ ಅನುಕೂಲಕ್ಕೆ ತಕ್ಕಂತೆ ಬರೆದುಕೊಂಡ ಪಟ್ಟಿಯನ್ನೇ ನಾವು ಕಣ್ಣಿಗೊತ್ತಿಕೊಂಡಿದ್ದೇವೆ. ಕಾರವಾರದ ಆಕಾಶಕ್ಕೆ ಒಪ್ಪುವ ಪಟ್ಟಿ ಬೇರೆ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳ ಜನ ಇಟ್ಟುಕೊಂಡಿರುವ ಪಟ್ಟಿಗೆ ಅದು ಹೆಚ್ಚು ಹತ್ತಿರ. ಸಿಡ್ನಿಯಲ್ಲಿ ಪರ್ಸೀಡ್ ಉಲ್ಕೆಗಳ ಉಗಮಬಿಂದು ದಿಗಂತದ ಮೇಲೆ ಏರುವುದೇ ಇಲ್ಲ. ಅವರಿಂದ ಅದನ್ನು ಮರೆಮಾಡಿರುವುದು ಭೂಮಿಯ ದುಂಡುತನ, ನಮ್ಮಿಂದ ಮಳೆಗಾಲ. ಇಬ್ಬರಿಗೂ ಒದಗಿಬರುವುದು ಮೇ ತಿಂಗಳ ಮೊದಲ ವಾರ ಬೆಳಗಿನ ಜಾವದಲ್ಲಿ ಸುರಿಯುವ, ಹ್ಯಾಲಿ ಧೂಮಕೇತುವಿನ ಧೂಳಿನ ಉಲ್ಕಾವರ್ಷ. ಅದರ ಹೆಸರು ಈಟಾ ಅಕ್ವೇರಿಡ್.

ಉಲ್ಕಾವರ್ಷ ಆಗುವುದು ಹೀಗೆ. ಧೂಮಕೇತು ಸೂರ್ಯನ ಹತ್ತಿರ ಬಂದಾಗಲೆಲ್ಲ ಅದರ ಹಿಮ ಆವಿಯಾಗಿ, ಜೊತೆಗಿದ್ದ ಧೂಳು ಮತ್ತು ಮರಳಿನಂಥ ಕಣಗಳು ಹೊರಬೀಳುತ್ತವೆ. ಆ ಕಣಗಳೂ ಧೂಮಕೇತುವಿನ ದಾರಿಯಲ್ಲೇ ಸೂರ್ಯನನ್ನು ಸುತ್ತುತ್ತ, ಶತಮಾನಗಳು ಕಳೆದಂತೆ ದಾರಿಯುದ್ದಕ್ಕೂ ಹರಡಿಕೊಳ್ಳುತ್ತವೆ. ಭೂಮಿ ಆ ದಾರಿಯನ್ನು ಹಾಯುವಾಗ ಕಣಗಳು ನಮ್ಮ ವಾಯುಮಂಡಲಕ್ಕೆ ನುಗ್ಗಿ, ನೂರು ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ ಉರಿದುಹೋಗುತ್ತವೆ. ಎಲ್ಲವೂ ಒಂದಕ್ಕೊಂದು ಸಮಾನಾಂತರವಾಗಿ ಬರುವುದರಿಂದ ಆಕಾಶದ ಒಂದೇ ಬಿಂದುವಿನಿಂದ ಹೊಮ್ಮಿದಂತೆ ಕಾಣುತ್ತವೆ. ಆ ಬಿಂದು ಯಾವ ರಾಶಿಯಲ್ಲಿದೆಯೋ ಅದರ ಹೆಸರೇ ಉಲ್ಕಾವರ್ಷಕ್ಕೆ. ಅಕ್ವೇರಿಡ್ ಎಂದರೆ ಕುಂಭರಾಶಿಯಿಂದ ಬರುವವು, ಜೆಮಿನಿಡ್ ಎಂದರೆ ಮಿಥುನದಿಂದ. ಇವುಗಳಲ್ಲಿ ನೆಲ ಮುಟ್ಟುವ ಕಣ ಇಲ್ಲವೆಂದೇ ಹೇಳಬೇಕು. 1865ರ ಸೆಪ್ಟೆಂಬರ್ 21ರಂದು ನಮ್ಮ ಮದ್ದೂರಿನಲ್ಲಿ ಬಿದ್ದಂಥ ಕಲ್ಲುಗಳು ಕ್ಷುದ್ರಗ್ರಹಗಳ ಕಡೆಯಿಂದ ಒಂಟಿಯಾಗಿ ಬರುವ ದೊಡ್ಡ ತುಂಡುಗಳು. ಅವುಗಳ ಕತೆಯೇ ಬೇರೆ.

ಉಲ್ಕಾವರ್ಷ ಪ್ರತಿವರ್ಷ ಅದೇ ದಿನಗಳಲ್ಲಿ ಮರಳುವುದೇಕೆ? ನಮ್ಮ ಕರಾವಳಿಯ ಜನಕ್ಕೆ ಇದನ್ನು ತಿಳಿಸುವುದು ಬೇರೆಯವರಿಗೆ ತಿಳಿಸುವುದಕ್ಕಿಂತ ಸುಲಭ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಮೃಗಶಿರ, ಆರಿದ್ರಾ, ಪುಷ್ಯ, ಆಶ್ಲೇಷ ಎಂದು ಮಳೆಗಳನ್ನು ಎಣಿಸುವ ಲೆಕ್ಕ ಇಲ್ಲಿನ ಗದ್ದೆಗಳಲ್ಲಿ ಇನ್ನೂ ಬದುಕಿದೆ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆಗ ಬರುವ ಮಳೆಗೆ ಆ ನಕ್ಷತ್ರದ ಹೆಸರು. ಒಂದೊಂದಕ್ಕೂ ಹದಿಮೂರೋ ಹದಿನಾಲ್ಕೋ ದಿನ. ಸೂರ್ಯ ಇಂಥ ನಕ್ಷತ್ರದಲ್ಲಿದ್ದಾನೆ ಎಂದರೆ ಭೂಮಿ ತನ್ನ ಕಕ್ಷೆಯಲ್ಲಿ ಇಂಥ ಜಾಗದಲ್ಲಿದೆ ಎಂದೇ ಅರ್ಥ. ಧೂಳಿನ ಹಾದಿ ಭೂಮಿಯ ಹಾದಿಯನ್ನು ಕತ್ತರಿಸುವ ಜಾಗವೂ ನಕ್ಷತ್ರಗಳ ಹಿನ್ನೆಲೆಯಲ್ಲೇ ಗೊತ್ತಾಗಿರುತ್ತದೆ. ಹಾಗಾಗಿ ಉಲ್ಕಾವರ್ಷಗಳನ್ನೂ ಮಹಾನಕ್ಷತ್ರದ, ಅಂದರೆ ಸೂರ್ಯನಿರುವ ನಕ್ಷತ್ರದ, ಲೆಕ್ಕದಲ್ಲೇ ಬರೆದಿಡಬಹುದು. ಈಟಾ ಅಕ್ವೇರಿಡ್ ಭರಣಿಯಲ್ಲಿ. ಜುಲೈ ಕೊನೆಯ ದಕ್ಷಿಣ ಡೆಲ್ಟಾ ಅಕ್ವೇರಿಡ್ ಪುಷ್ಯದಲ್ಲಿ. ಪರ್ಸೀಡ್ ಆಶ್ಲೇಷದಲ್ಲಿ. ಅಕ್ಟೋಬರ್ 21ರ ಓರಿಯನಿಡ್ ಚಿತ್ತಾದಲ್ಲಿ. ಡಿಸೆಂಬರ್ 14ರ ಜೆಮಿನಿಡ್ ಜ್ಯೇಷ್ಠಾದಲ್ಲಿ.

ಗೋಡೆಗೆ ತೂಗುಹಾಕಿದ ಇಂಗ್ಲಿಷ್ ಕ್ಯಾಲೆಂಡರಿಗಿಂತ ಈ ಲೆಕ್ಕ ಒಂದು ವಿಷಯದಲ್ಲಿ ಹೆಚ್ಚು ಸರಿ. ನಕ್ಷತ್ರಗಳನ್ನು ಆಧರಿಸಿದ ವರ್ಷ ಋತುಗಳನ್ನು ಆಧರಿಸಿದ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಎಪ್ಪತ್ತು ಎಪ್ಪತ್ತೆರಡು ವರ್ಷಕ್ಕೆ ಅದು ಒಂದು ದಿನವಾಗುತ್ತದೆ. ಮಕರ ಸಂಕ್ರಾಂತಿ ಜನವರಿ 14ರಿಂದ ಮೆಲ್ಲಗೆ 15ರ ಕಡೆಗೆ ಜರುಗುತ್ತಿರುವುದು ಇದರಿಂದಲೇ. ಉಲ್ಕಾವರ್ಷಗಳ ತಾರೀಖುಗಳೂ ಇದೇ ವೇಗದಲ್ಲಿ ಜರುಗುತ್ತವೆ. ಗ್ರಹಗಳ ಸೆಳೆತದಿಂದ ಕಣಗಳ ಕಕ್ಷೆಯೇ ವಾಲಿದರೆ ಜರುಗುವಿಕೆ ಇನ್ನೂ ಹೆಚ್ಚು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಚ್.ಎ. ನ್ಯೂಟನ್ 1864ರಲ್ಲಿ ಲಿಯೊನಿಡ್ ಉಲ್ಕಾವರ್ಷದ ಹಳೆಯ ದಾಖಲೆಗಳನ್ನು ಕ್ರಿ.ಶ. 902ರಿಂದ ಹಿಡಿದು ಜೋಡಿಸಿ, ಆ ಜರುಗುವಿಕೆಯನ್ನು ಅಳೆದು, 1866ರಲ್ಲಿ ಅದು ಭಾರಿಯಾಗಿ ಮರಳುತ್ತದೆಂದು ಹೇಳಿದ. ಹೇಳಿದಂತೆಯೇ ಆಯಿತು. ನಮ್ಮಲ್ಲೂ ಉಲ್ಕೆಗಳನ್ನು ಗಮನಿಸಿದವರಿದ್ದರು. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಉಲ್ಕೆಗಳಿಗೇ ಒಂದು ಅಧ್ಯಾಯ ಕೊಟ್ಟು, ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆ ಮಾಡಿದ್ದಾನೆ. ಆದರೆ ಅವನ ಆಸಕ್ತಿ ಹೆಚ್ಚಾಗಿ ಶಕುನದ ಕಡೆಗಿತ್ತು. ಬಂದ ದಿನ ಬರೆದಿಟ್ಟು ಮುಂದಿನ ವರ್ಷಕ್ಕೆ ಹೋಲಿಸುವ ಕೆಲಸ ಅಲ್ಲಿ ನಡೆಯಲಿಲ್ಲ. ಮಳೆ ನಕ್ಷತ್ರಗಳನ್ನು ಅಷ್ಟು ಚೊಕ್ಕವಾಗಿ ಎಣಿಸಿದ ಜನ ಉಲ್ಕೆಗಳನ್ನೂ ಎಣಿಸಿದ್ದರೆ ಎಂದು ಹಂಬಲಿಸುವುದು ಬಿಡುವುದಿಲ್ಲ.

ಈಗ ಮೇ ತಿಂಗಳಿಗೆ ಬರೋಣ. ಈಟಾ ಅಕ್ವೇರಿಡ್ ಏಪ್ರಿಲ್ 19ರ ಸುಮಾರಿಗೆ ಶುರುವಾಗಿ ಮೇ ಕೊನೆಯವರೆಗೂ ಜಿನುಗುತ್ತಿರುತ್ತದೆ. ಅದರ ಭರ ಮೇ 5 ಮತ್ತು 6ರಂದು. ಆಚೀಚೆ ಎರಡು ಮೂರು ದಿನವೂ ಅಷ್ಟೇನೂ ಕಡಿಮೆಯಾಗದು. ಲೋಕಕ್ಕೆ ಇದನ್ನು ಮೊದಲು ಸ್ಪಷ್ಟವಾಗಿ ಗುರುತಿಸಿಕೊಟ್ಟವನು ಒಬ್ಬ ನೌಕಾಧಿಕಾರಿ. ಬ್ರಿಟನ್ನಿನ ಜಿ.ಎಲ್. ಟಪ್ಮನ್ 1870ರಲ್ಲಿ ಮೆಡಿಟರೇನಿಯನ್ ಸಮುದ್ರದ ಮೇಲೆ ಸಾಗುತ್ತಿದ್ದಾಗ, ಏಪ್ರಿಲ್ ಕೊನೆ, ಮೇ ಮೊದಲ ರಾತ್ರಿಗಳಲ್ಲಿ ಕುಂಭದಿಂದ ಹೊಮ್ಮುವ ಉಲ್ಕೆಗಳನ್ನು ಎಣಿಸಿ ಬರೆದ. ಆರು ವರ್ಷದ ಮೇಲೆ ಅಲೆಕ್ಸಾಂಡರ್ ಹರ್ಷೆಲ್ ಅವುಗಳ ದಾರಿ ಹ್ಯಾಲಿ ಧೂಮಕೇತುವಿನ ದಾರಿಯನ್ನು ಹೋಲುತ್ತದೆಂದು ತೋರಿಸಿದ.

ಹ್ಯಾಲಿ ಕೊನೆಯ ಬಾರಿ ಬಂದದ್ದು 1986ರಲ್ಲಿ. ಆ ಏಪ್ರಿಲ್‌ನಲ್ಲಿ ಅದು ಭೂಮಿಗೆ ಹತ್ತಿರವಾದಾಗ ದಕ್ಷಿಣ ಗೋಳಾರ್ಧದ ಆಳದಲ್ಲಿತ್ತು. ಯುರೋಪಿನ ಬಹುಪಾಲು ಜನರಿಗೆ ಕಾಣದಿದ್ದ ಆ ದಿನಗಳಲ್ಲಿ ಕಾರವಾರದಿಂದ ನೋಡಿದರೆ ದಕ್ಷಿಣ ದಿಗಂತದಿಂದ ಇಪ್ಪತ್ತೆಂಟು ಡಿಗ್ರಿ ಮೇಲೆ ಇರುತ್ತಿತ್ತು. ಮುಂದಿನ ಬರವು 2061ರ ಜುಲೈ 28ಕ್ಕೆ, ಅಂದರೆ ಪುಷ್ಯ ಮಳೆಯ ನಡುವೆ. ಈ ಕರಾವಳಿಯ ಮಟ್ಟಿಗೆ ಧೂಮಕೇತುವಿಗಿಂತ ಅದರ ಧೂಳನ್ನೇ ಹೆಚ್ಚು ನಂಬಬಹುದು. ಭೂಮಿ ಮೇ ತಿಂಗಳಲ್ಲಿ ಹ್ಯಾಲಿಯ ಇಂದಿನ ಕಕ್ಷೆಗೆ ತೀರ ಹತ್ತಿರವೇನೂ ಹೋಗುವುದಿಲ್ಲ, ಸುಮಾರು ಒಂದು ಕೋಟಿ ಕಿಲೋಮೀಟರ್ ದೂರದಲ್ಲೇ ಹಾದುಹೋಗುತ್ತದೆ. ಹಾಗಾಗಿ ನಾವು ನೋಡುವ ಕಣಗಳು ಮೊನ್ನೆಯ ಬರವಿನಲ್ಲಿ ಉದುರಿದವಲ್ಲ. ಶತಶತಮಾನಗಳ ಹಿಂದೆ ಉದುರಿ, ಅಷ್ಟು ದೂರಕ್ಕೆ ಮೆಲ್ಲಗೆ ಸರಿದು ಬಂದವು.

ಕಾರವಾರ ಇರುವುದು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಧ್ರುವನಕ್ಷತ್ರ ಇಲ್ಲಿ ಉತ್ತರ ದಿಗಂತದಿಂದ ಅಷ್ಟೇ ಡಿಗ್ರಿ ಮೇಲಿದ್ದು, ಗುಡ್ಡದ ಸಾಲಿನಲ್ಲಿ ಎಷ್ಟೋ ಸಲ ಮರೆಯಾಗಿಬಿಡುತ್ತದೆ. ಬದಲಿಗೆ ದಕ್ಷಿಣ ನಮಗೆ ತೆರೆದಿದೆ. ಮೇ ಮೊದಲ ವಾರ ರಾತ್ರಿ ಹತ್ತು ಗಂಟೆಗೆ ತ್ರಿಶಂಕು ಕಡಲಿನಂಚಿನಿಂದ ಹದಿನೈದು ಡಿಗ್ರಿ ಮೇಲೆ ನಿಂತಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದರೆ ದಕ್ಷಿಣದಲ್ಲಿ ವೃಶ್ಚಿಕ, ಧನುಸ್ಸುಗಳು. ಅವುಗಳ ನಡುವೆ ಆಕಾಶಗಂಗೆಯ ಅತಿ ದಟ್ಟ ಭಾಗ. ಉಲ್ಕೆ ಒಂದೂ ಬೀಳದಿದ್ದರೂ ನೋಡಬೇಕಾದ ಆಕಾಶ ಅದು.

ಈಟಾ ಅಕ್ವೇರಿಡ್‌ನ ಉಗಮಬಿಂದು ಆಕಾಶದ ಸಮಭಾಜಕ ರೇಖೆಯ ಮೇಲೆಯೇ ಇದೆ. ಕಾರವಾರದಲ್ಲಿ ಅದು ನಡುರಾತ್ರಿ ಕಳೆದು ಎರಡೂಕಾಲಿನ ಸುಮಾರಿಗೆ ಹುಟ್ಟುತ್ತದೆ. ಆದರೆ ಪೂರ್ವದಲ್ಲಿ ಸಹ್ಯಾದ್ರಿಯ ಸಾಲು ಕಡಲಿಗೇ ಇಳಿದುಬಂದಂತಿರುವುದರಿಂದ ಗುಡ್ಡದ ನೆತ್ತಿ ದಾಟಲು ಇನ್ನಷ್ಟು ಹೊತ್ತು ಬೇಕು. ನಸುಕು ಶುರುವಾಗುವ ನಾಲ್ಕು ಐವತ್ತರ ಹೊತ್ತಿಗೆ ಮೂವತ್ತೆಂಟು ಡಿಗ್ರಿ ಏರಿರುತ್ತದೆ. ಲಂಡನ್ನಿನಲ್ಲಿ ಆ ಬಿಂದು ದಿಗಂತ ಬಿಟ್ಟು ಸ್ವಲ್ಪ ಏರುವಷ್ಟರಲ್ಲೇ ಬೆಳಕು ಹರಿದಿರುತ್ತದೆ. ಸಿಡ್ನಿಯಲ್ಲಿ ಅದು ಶರತ್ಕಾಲ, ರಾತ್ರಿ ಉದ್ದ, ಬಿಂದು ಇನ್ನೂ ಎತ್ತರಕ್ಕೆ ಹೋಗುತ್ತದೆ. ನಮ್ಮದು ಇವೆರಡರ ನಡುವಿನ, ಸಿಡ್ನಿಯ ಕಡೆಗೇ ವಾಲಿದ ಪಾಲು.

ಬಿಂದು ಪೂರ್ವದಲ್ಲಿದ್ದರೂ ಮುಖ ಮಾಡಿ ಕೂರಬೇಕಾದ್ದು ಕಡಲಿಗೆ ಎಂಬುದು ನನ್ನ ಅಭಿಪ್ರಾಯ. ಬಿಂದುವಿನ ಹತ್ತಿರ ಹುಟ್ಟುವ ಉಲ್ಕೆಗಳು ನಮ್ಮತ್ತಲೇ ಬರುವುದರಿಂದ ಗಿಡ್ಡವಾಗಿ ಕಾಣುತ್ತವೆ. ದೂರದವು ಉದ್ದವಾಗಿ ಗೀರುತ್ತವೆ. ಉಗಮಬಿಂದು ಇನ್ನೂ ಘಟ್ಟದ ಹಿಂದೆ ಇರುವಾಗ, ಮೂರು ಗಂಟೆಯ ಆಚೀಚೆ, ಬರುವ ಕೆಲವೇ ಉಲ್ಕೆಗಳು ವಾಯುಮಂಡಲವನ್ನು ಓರೆಯಾಗಿ ಸವರುತ್ತ, ಗುಡ್ಡದ ನೆತ್ತಿಯಿಂದ ಹೊರಟು ತಲೆಯ ಮೇಲೆ ಹಾಯ್ದು ಪಡುವಣ ಕಡಲಿನವರೆಗೂ ಸಾಗುತ್ತವೆ. ಅಂಥದೊಂದನ್ನು ಕಂಡವರು ಮತ್ತೆ ಮಲಗಲು ಹೋಗುವುದಿಲ್ಲ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಅಷ್ಟು ಮೇಲೆ ನೈಋತ್ಯದಲ್ಲಿ ಒಂದು ಉಲ್ಕೆ ಕಂಡರೆ ಅದು ಉರಿದದ್ದು ನಮ್ಮಿಂದ ನಾನೂರೈವತ್ತು ಕಿಲೋಮೀಟರ್ ಆಚೆ, ಲಕ್ಷದ್ವೀಪದ ನೆತ್ತಿಯ ಮೇಲೆ. ಅಲ್ಲಿನವರಿಗೆ ತಲೆಯೆತ್ತಿದರೆ ಕಾಣುವ ಬೆಳಕು ಇಲ್ಲಿ ಅಂಕೋಲಾದ ಕೇಣಿ ದಂಡೆಯಲ್ಲಿ ಕೂತವರಿಗೂ ಕಾಣುತ್ತದೆ.

ಇವುಗಳ ವೇಗ ಸೆಕೆಂಡಿಗೆ 66 ಕಿಲೋಮೀಟರ್. ಕಾರವಾರದಿಂದ ಅಂಕೋಲಾಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯಾದರೂ ಬೇಕು, ಈ ಕಣಕ್ಕೆ ಅರ್ಧ ಸೆಕೆಂಡ್ ಸಾಕು. ಹ್ಯಾಲಿ ಸುತ್ತುವುದು ಭೂಮಿ ಸುತ್ತುವ ದಿಕ್ಕಿಗೆ ಎದುರಾಗಿ. ಅದರ ಧೂಳೂ ಎದುರಿನಿಂದಲೇ ಬಡಿಯುತ್ತದೆ. ಸೆಕೆಂಡಿಗೆ ಮೂವತ್ತು ಕಿಲೋಮೀಟರ್ ಓಡುವ ಭೂಮಿಯ ವೇಗವೂ ಡಿಕ್ಕಿಗೆ ಸೇರಿಕೊಳ್ಳುತ್ತದೆ. ಆದ್ದರಿಂದಲೇ ದೊಡ್ಡ ಉಲ್ಕೆಗಳು ಮಾಯವಾದ ಮೇಲೂ ಅವುಗಳ ಜಾಡು ಹಲವು ಸೆಕೆಂಡು ಮಿನುಗುತ್ತ ನಿಲ್ಲುತ್ತದೆ. ಬೆಳಗಿನ ಜಾವ ನಾವು ನಿಂತ ನೆಲ ಭೂಮಿ ಓಡುವ ದಿಕ್ಕಿಗೇ ಮುಖ ಮಾಡಿರುವುದರಿಂದ ಸಂಜೆಗಿಂತ ಆಗಲೇ ಹೆಚ್ಚು ಉಲ್ಕೆಗಳು ಕಾಣಸಿಗುತ್ತವೆ.

ಎಷ್ಟು ಕಂಡಾವು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸುದ್ದಿಯಲ್ಲಿ ಬರುವ ‘ಗಂಟೆಗೆ ಐವತ್ತು’ ಎಂಬ ಸಂಖ್ಯೆ ಉಗಮಬಿಂದು ನೆತ್ತಿಯ ಮೇಲಿದ್ದು, ಆಕಾಶ ಅತಿ ಕಪ್ಪಾಗಿದ್ದರೆ ಎಂಬ ಕಲ್ಪನೆಯ ಲೆಕ್ಕ. ಮೂವತ್ತೆಂಟು ಡಿಗ್ರಿ ಎತ್ತರದಲ್ಲಿ ಅದು ಮೂವತ್ತಕ್ಕೆ ಇಳಿಯುತ್ತದೆ. ಕರಾವಳಿಯ ತೇವದ ಗಾಳಿ, ಊರ ದೀಪಗಳು ಸಣ್ಣ ಉಲ್ಕೆಗಳನ್ನು ನುಂಗಿದ ಮೇಲೆ ಹತ್ತು ಹದಿನೈದು ಉಳಿದರೆ ಒಳ್ಳೆಯ ಬೆಳಗು. ಇದನ್ನು ತಿಳಿಯದೆ ಬಂದವರು ಪಟಾಕಿಯ ನಿರೀಕ್ಷೆಯಲ್ಲಿ ಕೂತು, ಅರ್ಧ ಗಂಟೆಗೆ ಬೇಸತ್ತು ಎದ್ದುಹೋಗುತ್ತಾರೆ.

ದಕ್ಷಿಣದ ಉಲ್ಕೆಗಳ ಅಧ್ಯಯನವೇ ತಡವಾಗಿ ಶುರುವಾಯಿತು. ದೂರದರ್ಶಕಗಳು, ವಿಶ್ವವಿದ್ಯಾಲಯಗಳು, ನಿಯತಕಾಲಿಕೆಗಳು ಎಲ್ಲ ಉತ್ತರದಲ್ಲೇ ಇದ್ದವು. ನ್ಯೂಜಿಲೆಂಡಿನ ಹವ್ಯಾಸಿ ವೀಕ್ಷಕ ಆರ್.ಎ. ಮೆಕಿಂಟಾಷ್ 1935ರಲ್ಲಿ ದಕ್ಷಿಣದ ಉಲ್ಕಾವರ್ಷಗಳ ಸೂಚಿಯನ್ನು ಪ್ರಕಟಿಸಿದ ಮೇಲೆಯೇ ಆ ಕಡೆಯ ಆಕಾಶಕ್ಕೆ ಒಂದು ಪಟ್ಟಿ ದೊರೆತದ್ದು. ಬರಿಗಣ್ಣಿನ ಕೆಲಸ ಅದು. ಆ ಪಟ್ಟಿಯೂ ಪೂರ್ತಿಯಾಗಿರಲಿಲ್ಲ ಎಂಬುದು 1956ರ ಡಿಸೆಂಬರ್ 5ರ ರಾತ್ರಿ ಗೊತ್ತಾಯಿತು. ಜಪಾನಿನ ಮೊದಲ ಅಂಟಾರ್ಕ್ಟಿಕಾ ತಂಡವನ್ನು ಹೊತ್ತ ‘ಸೋಯಾ’ ಹಡಗು ನಮ್ಮ ಹಿಂದೂ ಮಹಾಸಾಗರದಲ್ಲಿ ಸಾಗುತ್ತಿದ್ದಾಗ, ಯಾರೂ ನಿರೀಕ್ಷಿಸದ ಉಲ್ಕೆಗಳು ದಕ್ಷಿಣದ ಫೀನಿಕ್ಸ್ ನಕ್ಷತ್ರಪುಂಜದಿಂದ ಸುರಿದವು. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಂದಲೂ ವರದಿ ಬಂತು. 1819ರಲ್ಲಿ ಕಂಡು ಕಳೆದುಹೋಗಿದ್ದ ಬ್ಲಾನ್‌ಪೇನ್ ಧೂಮಕೇತುವಿನ ಧೂಳು ಅದು ಎಂದು ಖಚಿತವಾಗಲು ಮುಂದಿನ ಶತಮಾನವೇ ಬರಬೇಕಾಯಿತು. ಟಪ್ಮನ್, ಸೋಯಾ, ಎರಡೂ ಕಡಲ ಮೇಲಿನ ನೋಟಗಳೇ. ಊರಿನ ಬೆಳಕಿಲ್ಲದ, ದಿಗಂತದವರೆಗೂ ತೆರೆದ ಆಕಾಶ ಹಡಗಿನವರಿಗೆ ಸಿಗುವಷ್ಟು ಬೇರೆ ಯಾರಿಗೂ ಸಿಗುವುದಿಲ್ಲ. ರಾತ್ರಿಯಿಡೀ ಕಡಲಲ್ಲಿರುವ ನಮ್ಮ ಮೀನುಗಾರರು ಕಂಡು ಯಾರಿಗೂ ಹೇಳದೆ ಬಿಟ್ಟ ಉಲ್ಕೆಗಳು ಎಷ್ಟಿರಬೇಡ!

ಜುಲೈ ಕೊನೆಯ ಡೆಲ್ಟಾ ಅಕ್ವೇರಿಡ್ ದಕ್ಷಿಣದವರ ಇನ್ನೊಂದು ಅಚ್ಚುಮೆಚ್ಚು. ನಮಗೆ ಅದು ಮಳೆಯ ಪಾಲು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡು ನಿಂತ ಎರಡು ತಿಂಗಳು ಆಕಾಶ ನೋಡುವವರಿಗೂ ಬಂದ್. ಆದರೆ ಉಲ್ಕೆಗಳೇನೂ ನಿಲ್ಲುವುದಿಲ್ಲ. ಅವು ಬಿಟ್ಟುಹೋಗುವ ವಿದ್ಯುದಾವಿಷ್ಟ ಜಾಡು ರೇಡಿಯೊ ಅಲೆಗಳನ್ನು ಮರಳಿ ಎಸೆಯುತ್ತದೆ. ಮೋಡ ಅದಕ್ಕೆ ಅಡ್ಡಿಯಲ್ಲ. ತಿರುವನಂತಪುರದ ಬಳಿಯ ತುಂಬಾದಲ್ಲಿ 2004ರಿಂದ ಇರುವ ಉಲ್ಕಾ ರೇಡಾರ್ ಹೀಗೆ ಹಗಲೂ ರಾತ್ರಿ ಉಲ್ಕೆಗಳ ಜಾಡು ಹಿಡಿದು, ಅವು ತೇಲುವ ರೀತಿಯಿಂದ ಎಂಬತ್ತು ನೂರು ಕಿಲೋಮೀಟರ್ ಎತ್ತರದ ಗಾಳಿಯನ್ನು ಅಳೆಯಬಲ್ಲದು.

ಮಳೆ ಹೋಗಿ, ರಾತ್ರಿ ನೆಲದ ಕಡೆಯಿಂದ ತಣ್ಣನೆಯ ಮೂಡಣ ಗಾಳಿ ಬೀಸತೊಡಗಿದಾಗ ಬರುವುದು ಜೆಮಿನಿಡ್. ಮನೆಮಂದಿಯೆಲ್ಲ ಸೇರಿ ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ಡಿಸೆಂಬರ್ 13, 14ರಂದು ಮಿಥುನದ ಬಿಂದು ರಾತ್ರಿ ಎಂಟಕ್ಕೇ ಹುಟ್ಟಿ, ಎರಡೂವರೆಗೆ ಎಪ್ಪತ್ತೆರಡು ಡಿಗ್ರಿ ಎತ್ತರಕ್ಕೆ ಏರುತ್ತದೆ. ಹತ್ತು ಗಂಟೆಗೆ ಮಕ್ಕಳೂ ನೋಡಬಹುದು. ಇದರ ಮೂಲ ಧೂಮಕೇತುವಲ್ಲ, 1983ರಲ್ಲಿ ಐರಾಸ್ ಉಪಗ್ರಹ ಪತ್ತೆ ಮಾಡಿದ ಫೇಥಾನ್ ಎಂಬ ಕಲ್ಲಿನ ಕಾಯ. ವೇಗ ಸೆಕೆಂಡಿಗೆ 35 ಕಿಲೋಮೀಟರ್ ಮಾತ್ರ. ಹಾಗಾಗಿ ಉಲ್ಕೆಗಳು ನಿಧಾನ, ‘ಅಗೋ’ ಎಂದು ಪಕ್ಕದವರಿಗೆ ತೋರಿಸುವಷ್ಟು ಹೊತ್ತು ಕಾಣುತ್ತವೆ. ಆದರ್ಶ ಆಕಾಶದಲ್ಲಿ ಗಂಟೆಗೆ ನೂರೈವತ್ತು. ಇಲ್ಲಿನ ಒಳ್ಳೆಯ ದಂಡೆಯೊಂದರಲ್ಲಿ ಐವತ್ತರ ಸುಮಾರು. ಅದೇ ಹೊತ್ತಿನಲ್ಲಿ ದಕ್ಷಿಣದ ಕಡೆ ಅಗಸ್ತ್ಯ ನಕ್ಷತ್ರ ಕಣ್ಣಿಗೆ ತುಂಬುವಂತೆ ಹೊಳೆಯುತ್ತಿರುತ್ತದೆ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. 1880ರ ದಶಕದ ಮೊದಲಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅವರು ಬಂದು ತಂಗಿ, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ನೆನಪುಗಳಲ್ಲಿ ಬರೆದಿದ್ದಾರೆ. ಆ ಬೆಳದಿಂಗಳು ಎಲ್ಲರಿಗೂ ಗೊತ್ತು. ಹುಡುಗನಾಗಿದ್ದಾಗ ಡಾಲ್‌ಹೌಸಿಯ ಬೆಟ್ಟದಲ್ಲಿ ತಂದೆ ದೇವೇಂದ್ರನಾಥರಿಂದ ನಕ್ಷತ್ರಗಳನ್ನು ಗುರುತಿಸಲು ಕಲಿತ ಅವರು, 1937ರಲ್ಲಿ ‘ವಿಶ್ವ ಪರಿಚಯ’ ಎಂಬ ವಿಜ್ಞಾನ ಪುಸ್ತಕವನ್ನೇ ಬರೆದು ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದ್ದು ಇಲ್ಲಿ ಅಷ್ಟಾಗಿ ನೆನಪಾಗುವುದಿಲ್ಲ. ಅವರ ಹೆಸರಿನ ದಂಡೆ ಅಮಾವಾಸ್ಯೆಯ ರಾತ್ರಿಯಾದರೂ ನಕ್ಷತ್ರ ಕಾಣುವಷ್ಟು ಕತ್ತಲಾಗಿರಬೇಕಿತ್ತು. ಈಗ ಹೈಮಾಸ್ಟ್ ದೀಪಗಳ ಬೆಳಕಿನಲ್ಲಿ ಅಲ್ಲಿ ಎಣಿಸಿದಷ್ಟೇ ನಕ್ಷತ್ರ.

ಕತ್ತಲೆ ಹೋಗುತ್ತಿರುವುದು ದಂಡೆಯಲ್ಲಿ ಮಾತ್ರವಲ್ಲ. ಜನರೇಟರ್ ಇಟ್ಟು ಪ್ರಖರ ಎಲ್ಇಡಿ ದೀಪ ಉರಿಸಿ ಮೀನನ್ನು ಸೆಳೆಯುವ ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಮರಿಮೀನು ಸಮೇತ ಬಾಚಿಕೊಂಡು ಹೋಗುವ ಈ ಪದ್ಧತಿಯ ವಿರುದ್ಧ ರಂಪಣಿ ಬಲೆಯ, ನಾಡದೋಣಿಯ ಮೀನುಗಾರರು ದನಿಯೆತ್ತುತ್ತಲೇ ಬಂದಿದ್ದಾರೆ. ನಿಷೇಧದ ಮೇಲೂ ದೂರು ನಿಂತಿಲ್ಲ. ದಿಗಂತದಲ್ಲಿ ಅಂಥ ಬಿಳಿ ಬೆಳಕು ಹತ್ತಿಕೊಂಡರೆ ಅದರ ಮೇಲಿನ ಆಕಾಶವೂ ಬೆಳ್ಳಗಾಗುತ್ತದೆ. ಮೀನುಗಾರರ ಅಳಲಿಗೆ ಉಲ್ಕೆ ನೋಡುವವರ ಅಳಲನ್ನು ಸಮ ಮಾಡುವುದು ತಪ್ಪಾದೀತು, ಅವರದು ಹೊಟ್ಟೆಪಾಡು. ಆದರೆ ಎರಡಕ್ಕೂ ಕಾರಣವಾದ ದೀಪ ಒಂದೇ. ಕಾರವಾರದ ದಂಡೆಗಳಿಗೆ ಚಳಿಗಾಲದಲ್ಲಿ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆಗಳಿಗೂ ಇದೇ ಕಷ್ಟ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿರುವ ಕಡೆ ಕಡಲಿದೆ ಎಂದು ನಂಬಿ ನಡೆಯುತ್ತವೆ, ರಸ್ತೆಯ ದೀಪ ಅವನ್ನು ಊರಿನ ಕಡೆ ತಿರುಗಿಸಿಬಿಡುತ್ತದೆ. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆ ಆಕಾಶದ ಮೀಸಲು ಪ್ರದೇಶ ಘೋಷಣೆಯಾಯಿತು. ಅಷ್ಟು ದೊಡ್ಡದೇನೂ ಇಲ್ಲಿ ಬೇಡ. ಆಮೆ ಬರುವ ಒಂದೆರಡು ದಂಡೆಗಳಲ್ಲಿ ದೀಪಕ್ಕೆ ಮೇಲೆ ಮುಚ್ಚಳ ಹಾಕಿ, ಬೆಳಕು ನೆಲಕ್ಕಷ್ಟೇ ಬೀಳುವಂತೆ ಮಾಡಿದರೆ ಆಮೆಗೂ ಆಯಿತು, ಆಕಾಶಕ್ಕೂ ಆಯಿತು. ಇದಕ್ಕೆ ಬೇಕಾದ ಹಣ ಒಂದು ಹೈಮಾಸ್ಟ್ ಕಂಬದ ಖರ್ಚಿಗಿಂತ ಹೆಚ್ಚಾಗಲಾರದು ಎಂದು ನಂಬಿದ್ದೇನೆ.

ನೋಡಲು ಹೊರಡುವವರಿಗೆ ಒಂದಿಷ್ಟು. ಗಾಳಿಮರದ ತೋಪು ಹೆದ್ದಾರಿಯ ಬೆಳಕನ್ನು ಮರೆಮಾಡುವ ದಂಡೆ ಹುಡುಕಿ. ಮಾಜಾಳಿ ಕಡೆ, ಅಂಕೋಲಾದ ನದಿಬಾಗ, ಹೊನ್ನೆಬೈಲ್ ಕಡೆ ಅಂಥ ಜಾಗಗಳಿವೆ. ಭರತ ಎಲ್ಲಿಯವರೆಗೆ ಬರುತ್ತದೆಂದು ಊರಿನವರನ್ನು ಕೇಳಿಕೊಂಡೇ ಚಾಪೆ ಹಾಸಿ. ಕಾರವಾರದ ನೌಕಾನೆಲೆಯ ಆಸುಪಾಸಿನಲ್ಲಿ ರಾತ್ರಿ ಕ್ಯಾಮೆರಾ, ಬೈನಾಕ್ಯುಲರ್ ಹಿಡಿದು ಕೂರುವುದು ಬೇಡ. ಉಲ್ಕೆಗೆ ಅವು ಬೇಕಾಗಿಯೂ ಇಲ್ಲ, ಬರಿಗಣ್ಣೇ ಎಲ್ಲಕ್ಕಿಂತ ಅಗಲ ನೋಡುತ್ತದೆ. ಕಣ್ಣು ಕತ್ತಲೆಗೆ ಹೊಂದಲು ಅರ್ಧ ಗಂಟೆ ಬೇಕು. ನಡುವೆ ಒಮ್ಮೆ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ ಕಾಯಬೇಕು. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ. ಡಿಸೆಂಬರಿನಲ್ಲಿ ಇಬ್ಬನಿಗೆ ಕಂಬಳಿ, ಮೇ ತಿಂಗಳಲ್ಲಿ ಸೆಕೆಗೆ ನೀರು. ಒಂದು ನೋಟ್‌ಬುಕ್ಕಿನಲ್ಲಿ ಎಷ್ಟರಿಂದ ಎಷ್ಟು ಗಂಟೆ, ಎಷ್ಟು ಉಲ್ಕೆ, ಎಷ್ಟು ಮೋಡ ಎಂದು ಬರೆಯಿರಿ. 1988ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆ ಇಂಥ ಹವ್ಯಾಸಿಗಳ ಲೆಕ್ಕಗಳಿಂದಲೇ ಪ್ರತಿ ಉಲ್ಕಾವರ್ಷದ ಏರಿಳಿತವನ್ನು ಗುರುತಿಸುತ್ತದೆ. ಶಾಲೆಯ ಮಕ್ಕಳು ಬರೆದದ್ದೂ ಅಲ್ಲಿ ಸಲ್ಲುತ್ತದೆ.

ಇನ್ನು ಚಂದ್ರ. ಅದಕ್ಕೆ ತಿಥಿ ನೋಡಿದರಾಯಿತು. 2026ರ ಆಗಸ್ಟ್ 12 ಅಮಾವಾಸ್ಯೆ, ಪರ್ಸೀಡ್‌ಗೆ ಹೇಳಿಮಾಡಿಸಿದ ಕತ್ತಲೆ. ಆದರೆ ಅದು ಆಶ್ಲೇಷ. ಅದೇ ವರ್ಷ ಜೆಮಿನಿಡ್ ದಿನಗಳಲ್ಲಿ ಅಮಾವಾಸ್ಯೆ ಕಳೆದು ನಾಲ್ಕೈದು ದಿನವಷ್ಟೇ ಆಗಿರುತ್ತದೆ, ಚಂದ್ರ ರಾತ್ರಿ ಹನ್ನೊಂದರೊಳಗೆ ಕಡಲಿಗಿಳಿದಿರುತ್ತಾನೆ. 2027ರಲ್ಲಿ ಚೈತ್ರದ ಅಮಾವಾಸ್ಯೆ ಬೀಳುವುದು ಮೇ 6ರಂದು, ಈಟಾ ಅಕ್ವೇರಿಡ್‌ನ ಭರದ ದಿನವೇ. ಸೂರ್ಯ ಭರಣಿಯಲ್ಲಿರುತ್ತಾನೆ, ಮುಂಗಾರಿಗೆ ಇನ್ನೂ ಒಂದು ತಿಂಗಳು. ಎರಡೂವರೆಗೆ ಅಲಾರಂ ಇಟ್ಟುಕೊಂಡರೆ ನಸುಕಿನವರೆಗೆ ಎರಡು ಗಂಟೆಗೂ ಮಿಕ್ಕಿ ಕತ್ತಲೆ ಸಿಗುತ್ತದೆ.